ಸಿಡಿಯದ ಸಾಸಿವೆ

ನಮ್ಮ ಮನೆಯೊಳಗೆ ಒಂದು ಗುಡ್ಡವಿತ್ತು. ಶಿಕಾಗೋ ಹತ್ತಿರದ ಡೌನರ್ಸ್ ಗ್ರೋವ್‌ನಲ್ಲಿ ನಾವಿದ್ದ ಬಡಾವಣೆಯ ನೆಲ ಲಟ್ಟಿಸಿದ ಚಪಾತಿಯಷ್ಟು ಸಪಾಟು. ಹಾಗಾಗಿ ಗುಡ್ಡ ಬೇಕೆನಿಸಿದಾಗಲೆಲ್ಲ ಅಮ್ಮ ನನ್ನನ್ನು ಹಾಲ್‌ನಿಂದ ಮಲಗುವ ಕೋಣೆಗಳಿಗೆ ಹತ್ತುವ ಮೆಟ್ಟಿಲ ಬುಡಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದಳು. ಕಂದು ಕಾರ್ಪೆಟ್ ಹೊದಿಸಿದ ಸಾಧಾರಣ ಮೆಟ್ಟಿಲು. ಅಮ್ಮನ ಕಣ್ಣಿಗೆ ಮಾತ್ರ ಅದು ಕ್ಯಾಲಿಫೋರ್ನಿಯಾದ ಬೆಟ್ಟಸಾಲಿನ ಅಡಿಯಲ್ಲಿದ್ದ ಒಂದು ಇಳಿಜಾರು. ಮದುವೆಗೆ ಮುಂಚೆ ಸಸ್ಯಶಾಸ್ತ್ರದ ಸಂಶೋಧನೆಗೆಂದು ಮೈಸೂರಿನಿಂದ ಬಂದವಳು ವರ್ಷಗಟ್ಟಲೆ ಹತ್ತಿ ಇಳಿದ ಜಾಗ ಅದು. ಅಲ್ಲಿನವರು ಶಾಪರಲ್ ಎಂದು ಕರೆಯುವ ಕುರುಚಲು ಕಾಡು ಅದರ ಮೈತುಂಬ ಹಬ್ಬಿತ್ತಂತೆ. ಬುಡದ ಮೆಟ್ಟಿಲುಗಳಲ್ಲಿ ಬೂದುಬಣ್ಣದ ಎಲೆಯ ಸೇಜ್ ಗಿಡಗಳು, ನಮ್ಮ ತುಳಸಿಯ ದೂರದ ನೆಂಟರು. ಮೇಲೆ ಹತ್ತುತ್ತಾ ಬಲಗಡೆಯ ಕಟಕಟೆಯ ಬದಿ ದಕ್ಷಿಣಕ್ಕೆ ಮುಖ ಮಾಡಿದ್ದು. ಅಲ್ಲಿ ದಿನವಿಡೀ ಬಿಸಿಲು, ಸೂಜಿಯಂಥ ಎಲೆಯಲ್ಲಿ ಎಣ್ಣೆ ತುಂಬಿಕೊಂಡ ಚಮೀಸ್ ಎಂಬ ಪೊದೆ. ಎಡಗಡೆಯ ಗೋಡೆಯ ಬದಿ ಉತ್ತರದ್ದು, ಸ್ವಲ್ಪ ತಂಪು. ಅಲ್ಲಿ ನೀಲಿ ಹೂವಿನ ಸಿಯನೋಥಸ್. ಮೇಲಿನ ಮೆಟ್ಟಿಲುಗಳಲ್ಲಿ ಮನುಷ್ಯರಿಗಿಂತ ಅಷ್ಟೇನೂ ಎತ್ತರ ಬೆಳೆಯದ ಓಕ್. ಕಟಕಟೆಯ ತುದಿಯ ನುಣುಪಾದ ಕಂಬ ಮನ್ಜನೀಟ ಗಿಡ. ಅದರ ಕೆಂಪು ತೊಗಟೆ ಎಂಥ ಬಿಸಿಲಲ್ಲೂ ತಣ್ಣಗಿರುತ್ತದೆಂದು ಅಮ್ಮ ಹೇಳಿದ್ದಳು. ನಾನು ಶಾಲೆಯಿಂದ ಬಂದವಳೇ ಬ್ಯಾಗ್ ಎಸೆದು ಆ ಕಂಬಕ್ಕೆ ಕೆನ್ನೆ ಒತ್ತಿ ನೋಡುತ್ತಿದ್ದೆ. ತಣ್ಣಗೇ ಇರುತ್ತಿತ್ತು. ಮನೆಯಲ್ಲಿ ಏಸಿ ಇತ್ತು, ಅದು ಬೇರೆ ವಿಷಯ.

ಅಮ್ಮ ಬೇರೆ ಯಾವುದಕ್ಕೂ ಕರಗುವ ಪೈಕಿಯಲ್ಲ. ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಊರಿನ ಹಾಡು ಕೇಳಿ ಆಂಟಿಯರೆಲ್ಲ ಕಣ್ಣು ಒರೆಸಿಕೊಳ್ಳುವಾಗ ಇವಳು ಗಡಿಯಾರ ನೋಡಿಕೊಳ್ಳುತ್ತಿದ್ದಳು. ದೇವರ ಮುಂದೆ ದೀಪ ಹಚ್ಚುವುದೂ ಗ್ಯಾಸ್ ಹಚ್ಚಿದಷ್ಟೇ ಚುರುಕು. ಆದರೆ ಗುಡ್ಡದ ಮಾತು ಬಂದರೆ ಅವಳ ದನಿ ತಾನಾಗಿ ಇಳಿಯುತ್ತಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಹಿರಿಯರು ಮಲಗಿರುವ ಹಾಗೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯಿಡೀ ಒಂದು ಹನಿಯೂ ಇಲ್ಲ, ಯಾರೂ ನೀರೆರೆಯುವವರಿಲ್ಲ, ಆದರೂ ಗಿಡಗಳು ಒಂದೆಲೆ ಉದುರಿಸದೆ ನಿಂತಿರುತ್ತವೆ ಎನ್ನುತ್ತಿದ್ದಳು. ಎಲೆಗಳು ಚಿಕ್ಕವು, ದಪ್ಪ, ಚರ್ಮದಂಥವು. ಪೊದೆಗಳು ಎಷ್ಟು ಹೆಣೆದುಕೊಂಡಿರುತ್ತವೆಂದರೆ ಮನುಷ್ಯ ನಿಂತು ನಡೆಯುವ ಹಾಗೇ ಇಲ್ಲ, ಅಂಬೆಗಾಲಿಟ್ಟು ನುಸುಳಬೇಕು. ಅದಕ್ಕೇ ನಾನೂ ಅಮ್ಮನೂ ಮೆಟ್ಟಿಲನ್ನು ಅಂಬೆಗಾಲಿನಲ್ಲೇ ಹತ್ತುತ್ತಿದ್ದೆವು. ಮೂವತ್ತು ದಾಟಿದ, ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು ಸೀರೆ ಎತ್ತಿ ಕಟ್ಟಿ ಮಗಳ ಹಿಂದೆ ತೆವಳುವುದನ್ನು ಅಪ್ಪ ಸೋಫಾದಲ್ಲಿ ಕುಳಿತು ಪೇಪರಿನ ಮೇಲಿನಿಂದ ನೋಡಿ, ಮತ್ತೆ ಪೇಪರಿಗೆ ಮುಖ ಹಾಕುತ್ತಿದ್ದ.

ಆ ಗುಡ್ಡದಿಂದ ಅಮ್ಮ ತಂದುಕೊಂಡದ್ದು ಒಂದೇ ವಸ್ತು. ಇನ್‌ಸ್ಟಂಟ್ ಕಾಫಿಯ ಖಾಲಿ ಗಾಜಿನ ಬಾಟಲಿಯಲ್ಲಿ ಅರ್ಧದಷ್ಟು ಸಿಯನೋಥಸ್ ಬೀಜ. ಕಪ್ಪಗೆ, ಗುಂಡಗೆ, ಮಿರಮಿರ ಹೊಳೆಯುವ ಸಣ್ಣ ಬೀಜಗಳು. ಫ್ರಿಜ್ಜಿನ ಬಾಗಿಲಲ್ಲಿ ಹುಣಿಸೇಹಣ್ಣಿನ ಡಬ್ಬಿಗೂ ಸೋಯಾ ಸಾಸಿಗೂ ನಡುವೆ ಅದರ ಜಾಗ. ನನಗೆ ಏಳೋ ಎಂಟೋ ವರ್ಷವಿದ್ದಾಗ ಒಂದು ಸಂಜೆ ಕ್ಯಾಲಿಫೋರ್ನಿಯಾದಿಂದ ಅಮ್ಮನ ಹಳೆಯ ಪ್ರೊಫೆಸರರ ಫೋನ್ ಬಂತು. ಅಮ್ಮ ಫೋನ್ ಇಟ್ಟು ಫ್ರಿಜ್ ತೆಗೆದಳು, ಬಾಟಲಿ ಕೈಗೆತ್ತಿಕೊಂಡಳು, ತೆಗೆದ ಬಾಗಿಲ ಮುಂದೆಯೇ ನಿಂತಳು. ಕರೆಂಟ್ ದಂಡ ಎಂದು ಅಪ್ಪ ಗೊಣಗಿದಾಗ ಹೇಳಿದಳು: ಗುಡ್ಡವನ್ನು ಬುಲ್ಡೋಜರ್ ಹಾಕಿ ಸಮತಟ್ಟು ಮಾಡಿದ್ದಾರೆ, ಮನೆಗಳು ಬರುತ್ತವೆ. ಆ ಸಿಯನೋಥಸ್ ಬೇರೆ ಗುಡ್ಡಗಳಲ್ಲೂ ಉಂಟು. ಆದರೆ ಆ ಇಳಿಜಾರಿನ ಗಿಡಗಳ ನೀಲಿ ಬೇರೆಲ್ಲೂ ಇಲ್ಲ ಎಂಬುದೇ ಅಮ್ಮನ ಸಂಶೋಧನೆಯ ವಿಷಯ. ಇನ್ನು ಆ ಗಿಡಗಳು ಇರುವುದು ಆ ಬಾಟಲಿಯಲ್ಲಿ ಮಾತ್ರ.

ಬಿತ್ತಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅಪ್ಪನೂ ಕೇಳಿದ. ಹೇಗೆ ಮೊಳಕೆ ಬರಿಸುವುದೆಂದು ಅಮ್ಮನಿಗೆ ಗೊತ್ತಿಲ್ಲದೆ ಏನಿಲ್ಲ. ಅದೇ ಅವಳ ಪಾಠ. ಆದರೆ ಅವಳಿಗೆ ಧೈರ್ಯವಿರಲಿಲ್ಲ. ಶಿಕಾಗೋದ ಚಳಿಯಲ್ಲಿ ಆ ಗಿಡ ಹೊರಗೆ ಬದುಕದು, ಕುಂಡದಲ್ಲಿ ಬದುಕುತ್ತದೆಂಬ ಖಾತ್ರಿಯಿಲ್ಲ, ಸತ್ತರೆ ಮತ್ತೆ ತರಲು ಗುಡ್ಡವಿಲ್ಲ. ಬೀಜವಾಗಿ ಇರುವಷ್ಟು ದಿನ ಅವಕ್ಕೆ ಸಾವಿಲ್ಲ, ಮಣ್ಣಿನಡಿ ನೂರು ವರ್ಷವಾದರೂ ಕಾಯುತ್ತವೆ, ಫ್ರಿಜ್ಜಿನಲ್ಲಿ ಕಾಯವೇ ಎನ್ನುತ್ತಿದ್ದಳು. ಎಂದಾದರೂ ಕ್ಯಾಲಿಫೋರ್ನಿಯಾಕ್ಕೆ ಮರಳಿದಾಗ ನೋಡೋಣ ಎಂದು ಮುಂದೂಡಿದಳು. ಮುಂದೂಡಿದ್ದು ಮುಂದಕ್ಕೇ ಹೋಗುತ್ತಿತ್ತು.

ಹೀಗಿರುವಾಗ ಧಾರವಾಡದಿಂದ ಅಜ್ಜಿ, ಅಂದರೆ ಅಪ್ಪನ ಅವ್ವ, ನಮ್ಮಲ್ಲಿಯೇ ಇರಲು ಬಂದಳು. ಒಂದೇ ಮನೆಯಲ್ಲಿ ಎರಡು ಕನ್ನಡ ಶುರುವಾಯಿತು. ಅಮ್ಮನದು ಮೈಸೂರಿನದು, ಮೆತ್ತಗೆ, ಸುತ್ತಿಬಳಸಿ. ಅಜ್ಜಿಯದು ನೇರ, ಗಟ್ಟಿ, ಮೇಲಿನ ಮಹಡಿಯಿಂದ ಹೇಳಿದರೂ ಗರಾಜಿಗೆ ಕೇಳಿಸುವಂಥದು. ಇಂಗ್ಲಿಷಿನಲ್ಲಿ ಉತ್ತರ ಕೊಡುವ ಚಾಳಿಯಿದ್ದ ನನ್ನನ್ನು ಹಿಡಿದು ಕೂರಿಸಿ, ತಟ್ಟೆಯಲ್ಲಿ ರವೆ ಹರಡಿ, ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿದವಳು ಅವಳೇ. ಇವತ್ತು ಇದನ್ನು ಕನ್ನಡದಲ್ಲಿ ಬರೆಯಲು ಆಗುತ್ತಿದ್ದರೆ ಆ ರವೆಯೇ ಕಾರಣ. ಅತ್ತೆ ಸೊಸೆಯರ ನಡುವೆ ದೊಡ್ಡ ಜಗಳವೇನೂ ಇರಲಿಲ್ಲ. ಸಣ್ಣವು ಮಾತ್ರ ದಿನಕ್ಕೊಂದು, ಬಹುಪಾಲು ಫ್ರಿಜ್ಜಿನದೇ. ಹುಳು ಬೀಳದಿರಲೆಂದು ರವೆ, ಬೇಳೆ, ಗಸಗಸೆ, ಖಾರದ ಪುಡಿ ಎಲ್ಲವನ್ನೂ ಅಮ್ಮ ಫ್ರಿಜ್ಜಿಗೆ ತುರುಕುತ್ತಿದ್ದಳು. ಅಜ್ಜಿಗೆ ಅದು ನಗೆಪಾಟಲು.

"ನಿಮ್ಮವ್ವಗ ಒಂದು ದೊಡ್ಡ ಫ್ರಿಜ್ಜು ಕೊಟ್ರ ನನ್ನೂ ಅದರಾಗ ಇಟ್ಟು ಬಾಗಲಾ ಹಾಕ್ತಾಳ, ಕೆಡಬಾರದಂತ," ಎಂದು ನನ್ನ ಹತ್ತಿರ ಹೇಳುತ್ತಿದ್ದಳು, ಅಮ್ಮನಿಗೆ ಕೇಳುವ ಹಾಗೆ.

ನಾವು ಮೆಟ್ಟಿಲ ಮೇಲೆ ತೆವಳುವುದನ್ನು ಮೊದಲ ಸಲ ನೋಡಿದ ದಿನ ಅಜ್ಜಿ ಊಟದ ಹೊತ್ತಿಗೆ ಅಪ್ಪನನ್ನು ಪಕ್ಕಕ್ಕೆ ಕರೆದು, ನಿನ್ನ ಹೆಂಡತಿಗೆ ಮೈಯಾಗ ಆರಾಮ ಅದನೋ ಇಲ್ಲೋ ಎಂದು ಕೇಳಿದಳಂತೆ.

ಅದು ಎಲೆ ಉದುರುವ ಕಾಲ. ಇಂಡಿಯನ್ ಅಂಗಡಿಯಿಂದ ಅಪ್ಪ ಒಂದು ಚೀಲ ನಿಂಬೆಹಣ್ಣು ತಂದಿದ್ದ. ಅಜ್ಜಿ ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಉಪ್ಪಿನಕಾಯಿಗೆ ಕುಳಿತಳು. ಅಡುಗೆಮನೆಗೆ ಯಾರೂ ಕಾಲಿಡಬಾರದು, ಒದ್ದೆ ಕೈ ಯಾವುದನ್ನೂ ಮುಟ್ಟಬಾರದು. ಉಪ್ಪು ಹಾಕಿ ಕಲಸಿದ ಹೋಳುಗಳನ್ನು ಜಾಡಿಗೆ ತುಂಬಿಯಾಗಿತ್ತು. ಮೆಂತ್ಯ ಹುರಿದು ಮಿಕ್ಸಿಯ ಜಾರಿಗೆ ಹಾಕಿಯಾಗಿತ್ತು. ಸಾಸಿವೆಯ ಡಬ್ಬಿ ನೋಡಿದರೆ ತಳ ಕಾಣಿಸಿತು. ಈ ಮನೆಯಲ್ಲಿ ಕಪಾಟಿನಲ್ಲಿ ಮುಗಿದದ್ದು ಫ್ರಿಜ್ಜಿನಲ್ಲಿ ಇದ್ದೇ ಇರುತ್ತದೆ ಎಂಬುದು ಅಜ್ಜಿಗೆ ಅಷ್ಟರಲ್ಲಿ ಪಾಠವಾಗಿತ್ತು. ಬಾಗಿಲು ತೆಗೆದಳು. ಕಾಫಿ ಬಾಟಲಿಯಲ್ಲಿ ಕಪ್ಪಗೆ ಗುಂಡಗೆ ಹೊಳೆಯುವ ಕಾಳು. ಬೇರೆ ಯಾವ ಊರಿನ ಯಾವ ಮುದುಕಿಯೂ ಅದನ್ನು ಬಾಣಲೆಗೆ ಹಾಕುತ್ತಿರಲಿಲ್ಲವೇನೋ. ನಮ್ಮ ಕಡೆಯ ಯಾವ ಮುದುಕಿಯೂ ಹಾಕದೆ ಬಿಡುತ್ತಿರಲಿಲ್ಲ.

ನಾನೂ ಅಮ್ಮನೂ ಹಾಲ್‌ನಲ್ಲಿ ಒಗೆದ ಬಟ್ಟೆ ಮಡಿಚುತ್ತಿದ್ದೆವು. ಅಡುಗೆಮನೆಯಿಂದ ಅಜ್ಜಿಯ ದನಿ ಬಂತು.

"ವತ್ಸಲಾ, ಇದೆಂಥಾ ಸಾಸ್ವಿ ತಂದೀಯೇ? ಎಷ್ಟು ಹುರದ್ರೂ ಸಿಡೀವಲ್ದು ನೋಡು."

ಅಮ್ಮ ಮಡಿಚುತ್ತಲೇ, ಸ್ವಲ್ಪ ಉರಿ ಜಾಸ್ತಿ ಮಾಡಿ ಅತ್ತೆ, ಎಂದಳು. ಆಮೇಲೆ ಅವಳ ಕೈ ನಿಂತಿತು. ಡಬ್ಬಿಯಲ್ಲಿ ಸಾಸಿವೆ ಮುಗಿದಿರುವುದು ಅವಳಿಗೆ ನೆನಪಾಗಿರಬೇಕು. ಮಡಿಯನ್ನೂ ನೋಡದೆ ಅಡುಗೆಮನೆಗೆ ಓಡಿದಳು. ನಾನು ಹಿಂದೆ ಹೋದೆ. ದಪ್ಪ ತಳದ ಬಾಣಲೆಯಲ್ಲಿ ಗುಡ್ಡ ಹರಡಿಕೊಂಡಿತ್ತು. ಅಜ್ಜಿ ಒಂದು ಕೈಯಲ್ಲಿ ಮುಚ್ಚಳ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಕಾಳು ಕೆದರುತ್ತಿದ್ದಳು. ಆಗಲೇ ಒಂದು ಹಿಡಿ ಬೀಜ ಮೆಂತ್ಯದ ಜೊತೆ ಮಿಕ್ಸಿಯ ಜಾರಿಗೆ ಬಿದ್ದಿತ್ತು. ಖಾಲಿ ಬಾಟಲಿ ಸಿಂಕ್‌ನಲ್ಲಿ ಮಲಗಿತ್ತು.

"ಒಲೆ ಆರಿಸಿ ಅತ್ತೆ."

"ಯಾಕ, ಹಳೇದೇನ ಇದು?"

"ಅದು ಸಾಸಿವೆ ಅಲ್ಲ."

ಅಮ್ಮ ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಬಾಣಲೆಯನ್ನು ಒಲೆಯಿಂದ ತೆಗೆದು ಟೇಬಲ್ಲಿನ ಮೇಲಿಟ್ಟು ಕುರ್ಚಿಯಲ್ಲಿ ಕುಳಿತುಬಿಟ್ಟಳು. ಅಪ್ಪ ಬಂದ. ವಿಷಯ ತಿಳಿದು, ಆಗಿದ್ದು ಆತು, ಮತ್ತೊಮ್ಮೆ ಅಲ್ಲಿಂದ ತರಸೋಣಂತ, ಎಂದ. ಅಲ್ಲಿ ಏನಿದೆ ಅಂತ ತರಿಸ್ತೀರಿ ಎಂದು ಅಮ್ಮ ಕೇಳಿದಳು. ಬಾಣಲೆಯಿಂದ ಎಂಥದೋ ಪರಿಮಳ ಬರುತ್ತಿತ್ತು. ಸಾಸಿವೆಯದಲ್ಲ, ಬಿಸಿಲಿಗೆ ಕಾದ ಮಣ್ಣಿನದಂಥದು. ಅಮ್ಮ ಅದನ್ನು ಮೂಸಿದಳೆಂದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆ ಪರಿಮಳ ಮೂಗಿಗೆ ಹೋದ ಮೇಲೆಯೇ ಅವಳ ಮುಖ ಬೇರೆಯಾಯಿತು.

"ಎಷ್ಟು ಹೊತ್ತು ಹುರಿದ್ರಿ ಅತ್ತೆ? ಉರಿ ಎಷ್ಟಿತ್ತು?"

"ಸಣ್ಣ ಉರೀನ ಇತ್ತವಾ. ಉಪ್ಪಿನಕಾಯಿ ಸಾಸ್ವಿ ಕರಕಾಗಬಾರದು. ಕೈಲೇ ಕೆದರಿಕೋತ ನಿಂತಿದ್ದೆ. ಇನ್ನೇನ ಸಿಡದೀತು, ಇನ್ನೇನ ಸಿಡದೀತು ಅಂತ." ಅಜ್ಜಿಯ ದನಿ ಮೊದಲ ಸಲ ಸಣ್ಣದಾಯಿತು. "ನಾ ಕೊಂದೆನೇನ ಅವನ್ನ?"

"ಗೊತ್ತಿಲ್ಲ. ಕೊಂದಿರಬಹುದು. ಎಬ್ಬಿಸಿರಲೂಬಹುದು."

ಆಮೇಲೆ ಅಮ್ಮ ಹೇಳಿದ್ದನ್ನು ನಾನು ಮುಂಚೆ ಕೇಳಿರಲಿಲ್ಲ. ಗುಡ್ಡದ ಬಗ್ಗೆ ಎಲ್ಲ ಹೇಳಿದ್ದವಳು ಇದೊಂದನ್ನು ನಾನು ಹೆದರಬಹುದೆಂದು ಬಿಟ್ಟಿದ್ದಳು. ಆ ಕಾಡು ಸುಡುವ ಕಾಡು. ಎಷ್ಟೋ ವರ್ಷಕ್ಕೊಮ್ಮೆ ಬೆಂಕಿ ಬರುತ್ತದೆ, ಎಣ್ಣೆ ತುಂಬಿದ ಎಲೆಗಳು ಧಗಧಗ ಉರಿಯುತ್ತವೆ, ಗುಡ್ಡ ಪೂರ್ತಿ ಕಪ್ಪಾಗುತ್ತದೆ. ಚಮೀಸ್‌ನಂಥವು ನೆಲದಡಿಯ ಗಡ್ಡೆಯಿಂದ ಮತ್ತೆ ಚಿಗುರುತ್ತವೆ. ಈ ಸಿಯನೋಥಸ್ ಹಾಗಲ್ಲ. ಅದು ಸತ್ತೇ ಹೋಗುತ್ತದೆ. ಆದರೆ ವರ್ಷವರ್ಷವೂ ಅದು ಉದುರಿಸಿದ ಬೀಜಗಳು ಮಣ್ಣಿನಡಿ ಮಲಗಿರುತ್ತವೆ. ಅವುಗಳ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಮಳೆಯ ನೀರು ಒಳಗೆ ಇಳಿಯುವುದಿಲ್ಲ, ಬರೀ ಬಿಸಿಲಿಗೆ ಅದು ಬಿರಿಯುವುದಿಲ್ಲ. ಬೆಂಕಿಯ ಕಾವು ಮಣ್ಣಿಗಿಳಿದು ಸಿಪ್ಪೆ ಬಿರಿದರೆ ಮಾತ್ರ ಎಚ್ಚರ. ಕಾವು ಹೆಚ್ಚಾದರೆ ಒಳಗಿನ ಜೀವವೂ ಬೆಂದುಹೋಗುತ್ತದೆ. ಪಕ್ಕದ ಗುಡ್ಡ ಸುಟ್ಟ ಮರುವರ್ಷ ಅಮ್ಮ ನೋಡಲು ಹೋಗಿದ್ದಳಂತೆ. ಕರಿ ನೆಲದ ಮೇಲೆ, ಅಷ್ಟು ವರ್ಷ ಯಾರೂ ಕಾಣದಿದ್ದ ಹೂಗಳು ಎದ್ದು ನಿಂತಿದ್ದವಂತೆ. ಕಾಲಿಡಲು ಜಾಗವಿಲ್ಲದೆ ಶೂ ಬಿಚ್ಚಿ ಕೈಯಲ್ಲಿ ಹಿಡಿದು ನಿಂತೆ ಎಂದಳು.

"ಅಂದ್ರ ತಾಯಿ ಸುಟ್ಟು ಹೋದ ಮ್ಯಾಲ ಮಕ್ಕಳು ಏಳತಾವ?" ಎಂದು ಅಜ್ಜಿ ಕೇಳಿದಳು.

"ಹೂಂ ಅತ್ತೆ."

"ಮತ್ತ ಇವು ಎದ್ದಿದ್ರ, ತಿರುಗಿ ಮಲಗಸಲಿಕ್ಕೆ ಬರೂದಿಲ್ಲ?"

"ಬರೋದಿಲ್ಲ. ಸಿಪ್ಪೆ ಬಿರಿದ ಮೇಲೆ ಬಾಟಲಿಯಲ್ಲಿ ಇಟ್ಟರೆ ಕೆಡ್ತವೆ. ಈಗ ಬಿತ್ತಲೇಬೇಕು."

"ಆರ್ ದೇ ಡೆಡ್ ಆರ್ ನಾಟ್?" ಎಂದೆ ನಾನು, ತಾಳ್ಮೆ ಕೆಟ್ಟು. ಯಾರೂ ನನ್ನನ್ನು ಕನ್ನಡದಲ್ಲಿ ಕೇಳು ಎನ್ನಲಿಲ್ಲ.

ಆ ಮಧ್ಯಾಹ್ನ ನಾವು ನಾಲ್ವರೂ ಊಟದ ಟೇಬಲ್ಲಿನ ಸುತ್ತ ಕುಳಿತು, ಸ್ಟೀಲ್ ತಟ್ಟೆಗಳಲ್ಲಿ ಮೆಂತ್ಯದಿಂದ ಬೀಜ ಆರಿಸಿದೆವು. ಅಪ್ಪ ಕನ್ನಡಕ ಹಣೆಗೇರಿಸಿ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಅಕ್ಕಿ ಆರಿಸಿ ಪಳಗಿದ ಅಜ್ಜಿಯ ಬೆರಳು ಮಾತ್ರ ಸರಸರ ಓಡುತ್ತಿತ್ತು. ಕಣ್ಣಿನಿಂದ ನೀರೂ ಇಳಿಯುತ್ತಿತ್ತು, ಅದನ್ನು ಭುಜಕ್ಕೆ ಒರೆಸಿಕೊಳ್ಳುತ್ತಿದ್ದಳು. ಆರಿಸಿದ್ದನ್ನೆಲ್ಲ ಅಮ್ಮ ಪಾತ್ರೆಯ ನೀರಿಗೆ ಹಾಕಿಟ್ಟಳು. ಮರುದಿನ ಬೆಳಿಗ್ಗೆ ನೋಡಿದರೆ ಕೆಲವು ತೇಲುತ್ತಿದ್ದವು, ಕೆಲವು ನೆನೆದು ಉಬ್ಬಿದ್ದವು, ಉಳಿದವು ಹೇಗಿದ್ದವೋ ಹಾಗೇ ತಳದಲ್ಲಿ ಕುಳಿತಿದ್ದವು. ಉಬ್ಬಿದ್ದಕ್ಕೇ ಖುಷಿಪಡುವ ಹಾಗಿರಲಿಲ್ಲ. ಬೆಂದ ಕಾಳೂ ನೀರಿನಲ್ಲಿ ಉಬ್ಬುತ್ತದೆ. ಕಾವು ಆದ ಮೇಲೆ ಅವಕ್ಕೆ ಒಂದು ಚಳಿಗಾಲವೂ ಆಗಬೇಕು, ಆಗಲೇ ಮೊಳಕೆ ಎಂದು ಅಮ್ಮ ಒದ್ದೆ ಮರಳಿನಲ್ಲಿ ಅವನ್ನು ಬೆರೆಸಿ ಫ್ರಿಜ್ಜಿನ ತರಕಾರಿ ಡ್ರಾಯರಿಗೆ ತುಂಬಿದಳು. ನಾನೀಗ ರಾಚೆಸ್ಟರ್ ಹಿಲ್ಸ್‌ನಲ್ಲಿ ಕಾರಿನ ರಬ್ಬರ್ ಭಾಗಗಳನ್ನು ಕಾಯಿಸಿ, ಆಮೇಲೆ ಹೆಪ್ಪುಗಟ್ಟುವ ಚಳಿಗೆ ಒಡ್ಡಿ, ಏನು ಉಳಿಯಿತು ಎಂದು ನೋಡುವ ಕೆಲಸ ಮಾಡುತ್ತೇನೆ. ಇದನ್ನೆಲ್ಲಿ ಕಲಿತೆ ಎಂದು ಇಂಟರ್ವ್ಯೂನಲ್ಲಿ ಕೇಳಿದಾಗ ಕಾಲೇಜಿನ ಹೆಸರು ಹೇಳಿದೆ. ಅದು ಅರ್ಧ ನಿಜ.

ಆ ಚಳಿಗಾಲದ ನಮ್ಮ ಅಡುಗೆಯೇ ಬೇರೆ. ಬೀಜ ಮೊಳಕೆ ಒಡೆಯುವ ತನಕ ಸಾಸಿವೆ ಮುಟ್ಟುವುದಿಲ್ಲ ಎಂದು ಅಜ್ಜಿ ದೇವರ ಮುಂದೆ ನಿಂತು ಹೇಳಿಬಿಟ್ಟಿದ್ದಳು. ಮುಟ್ಟುವುದಿಲ್ಲ ಎಂದರೆ ತಿನ್ನುವುದಿಲ್ಲ ಎಂದಷ್ಟೇ ನಾವು ಅಂದುಕೊಂಡಿದ್ದೆವು. ಅಡುಗೆ ಮಾಡುವವಳು ಅವಳೇ ಆದ್ದರಿಂದ ಯಾರ ತಟ್ಟೆಗೂ ಸಾಸಿವೆ ಬರಲಿಲ್ಲ. ಸಾರಿಗೆ ಜೀರಿಗೆ, ಪಲ್ಯಕ್ಕೆ ಜೀರಿಗೆ, ಅವಲಕ್ಕಿಗೂ ಜೀರಿಗೆ. ಒಗ್ಗರಣೆಯ ಚಟಪಟವೇ ಇಲ್ಲದೆ ಮನೆ ಮೂಕವಾಗಿತ್ತು. ನಿಂಬೆಹಣ್ಣಿನ ಜಾಡಿ ಖಾರವಿಲ್ಲದೆ ಬರೀ ಉಪ್ಪಿನಲ್ಲಿ ಕಂದಾಗುತ್ತಾ ಕುಳಿತಿತ್ತು. ಅವ್ವಾ, ದೇವರು ಇಷ್ಟು ಲೆಕ್ಕಾ ಇಡೂದಿಲ್ಲ ಎಂದು ಅಪ್ಪ ಒಮ್ಮೆ ಹೇಳಿ ನೋಡಿದ. ಅಜ್ಜಿ ಅವನ ತಟ್ಟೆಗೆ ಇನ್ನೊಂದು ಸೌಟು ಜೀರಿಗೆಯ ಸಾರು ಬಡಿಸಿದಳು. ಬೋಲಿಂಗ್‌ಬ್ರೂಕಿನ ಆಂಟಿಯೊಬ್ಬರು ಊಟಕ್ಕೆ ಬಂದಾಗ ಕೊತ್ತಂಬರಿ ತೆಗೆಯಲು ಹೋಗಿ ಡ್ರಾಯರಿನ ತುಂಬ ಮರಳು ಕಂಡು ಮೆಲ್ಲಗೆ ಮುಚ್ಚಿ ವಾಪಸ್ಸು ಬಂದರು. ಆ ದಿನವಿಡೀ ಅವರು ಅಮ್ಮನ ಜೊತೆ ಬಹಳ ಮರ್ಯಾದೆಯಿಂದ ಮಾತಾಡಿದರು.

ಹೊರಗೆ ಹಿಮ ಮೊಣಕಾಲಿನವರೆಗೆ ಬಿದ್ದ ಒಂದು ಮಧ್ಯಾಹ್ನ, ಶಾಲೆಗೆ ರಜೆ ಕೊಟ್ಟಿದ್ದರು, ಅಜ್ಜಿ ಮೆಟ್ಟಿಲ ಬುಡದಲ್ಲಿ ಬಂದು ನಿಂತಳು.

"ವತ್ಸಲಾ, ನಿನ್ನ ಗುಡ್ಡಾ ನನಗೂ ಒಂದೀಟು ತೋರಸು."

ಅಜ್ಜಿಯ ಮಂಡಿಗೆ ಅಂಬೆಗಾಲು ಆಗದು. ಒಂದೊಂದೇ ಮೆಟ್ಟಿಲ ಮೇಲೆ ಕುಳಿತು, ಹಿಂದಕ್ಕೆ ಕೈಯೂರಿ, ಮೇಲಿನದಕ್ಕೆ ಏರುತ್ತಾ ಹೋದಳು. ಅಮ್ಮ ಪಕ್ಕದಲ್ಲಿ ತೆವಳುತ್ತಾ ಹೇಳುತ್ತಿದ್ದಳು: ಇದು ಸೇಜ್, ಇದು ಚಮೀಸ್, ಇಲ್ಲಿ ಬಿಸಿಲು, ಇಲ್ಲಿ ನೆರಳು. ಎಡಗಡೆಯ ಗೋಡೆಯ ಹತ್ತಿರ ಬಂದಾಗ ಸಿಯನೋಥಸ್ ಎಂದಳು. ನಮ್ಮ ಎಲಚಿ, ನಿಮ್ಮ ಕಡೆ ಬಾರಿ ಅನ್ನುವ ಹಣ್ಣಿನ ಗಿಡದ ಕುಲದ್ದೇ ಎಂದೂ ಹೇಳಿದಳು. ಅಜ್ಜಿ ಅಲ್ಲೇ ಕುಳಿತಳು. ಬಾರಿ ಗಿಡವನ್ನು ಅವಳು ಬಲ್ಲಳು. ಧಾರವಾಡದ ಹೊರಗಿನ ಕಲ್ಲುಗುಡ್ಡಗಳಲ್ಲಿ ಮುಳ್ಳು ಚುಚ್ಚಿಸಿಕೊಂಡು ಅದರ ಹಣ್ಣು ತಿಂದು ಬೆಳೆದವಳು. ಗೋಡೆಯ ಮೇಲೆ ಕೈಯಿಟ್ಟು, ಮುಂಚೇನ ಹೇಳಬೇಕಿಲ್ಲೋ ಹುಡುಗಿ, ನಮ್ಮ ಬಾರಿ ಗಿಡದವರಂತ, ಎಂದಳು. ನನಗೆ ಆ ಹೊತ್ತು ಮೆಟ್ಟಿಲು ಕಾಣಲಿಲ್ಲ. ನಿಜವಾಗಿ ಬಿಸಿಲು ಕಂಡಿತು, ನಿಜವಾಗಿ ಪೊದೆ ಕಂಡಿತು. ನನ್ನ ಇಬ್ಬರು ದೊಡ್ಡವರು ಒಂದೇ ಗುಡ್ಡದ ಮೇಲೆ ಕುಳಿತಿದ್ದರು, ಕಿಟಕಿಯಾಚೆ ಇಲಿನಾಯ್ ಬೆಳ್ಳಗೆ ಮಲಗಿತ್ತು.

ಶನಿವಾರಕ್ಕೊಮ್ಮೆ ಡ್ರಾಯರ್ ತೆಗೆದು ಮರಳು ಕೆದಕುವುದು ವಾಡಿಕೆಯಾಗಿತ್ತು. ಏನೂ ಇರುತ್ತಿರಲಿಲ್ಲ. ಅಮ್ಮ ಒಂದು ಚಮಚ ನೀರು ಚಿಮುಕಿಸಿ ಮುಚ್ಚುತ್ತಿದ್ದಳು. ಬರಬರುತ್ತಾ ಅವಳು ಕೆದಕುವುದನ್ನು ಬೇಗ ಮುಗಿಸತೊಡಗಿದಳು, ನೋಡಲು ಇಷ್ಟವಿಲ್ಲದವರ ಹಾಗೆ. ಹಿಮ ಕರಗಿ ಡ್ರೈವ್‌ವೇಯಲ್ಲಿ ಕೆಸರಾಗುವ ಹೊತ್ತಿಗೆ, ಒಂದು ಶನಿವಾರ ಅಮ್ಮ ಮುಚ್ಚಲು ಹೊರಟ ಡ್ರಾಯರಿಗೆ ಅಜ್ಜಿ ಕೈ ಅಡ್ಡ ಹಿಡಿದಳು. ಬಗ್ಗಿ, ಮೂಗು ಮರಳಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಮಡಕಿಕಾಳಿಗೆ ಮೊಳಕಿ ಬಂದಂಗ ಬಂದದಲ್ಲೇ ಇಲ್ಲೆ."

ಕಪ್ಪು ಸಿಪ್ಪೆ ಬಿರಿದು, ಅದರಿಂದ ಅಕ್ಕಿಯ ನುಚ್ಚಿನಷ್ಟು ಬಿಳಿಯ ತುದಿ ಹೊರಗೆ ಬಂದಿತ್ತು. ಪಕ್ಕದಲ್ಲಿ ಇನ್ನೊಂದು. ಆಚೆ ಇನ್ನೊಂದು. ಎಲ್ಲವೂ ಅಲ್ಲ, ಬಹುಪಾಲು ಕೊನೆಯವರೆಗೂ ಏಳಲೇ ಇಲ್ಲ. ಆದರೆ ಎದ್ದವು ಎದ್ದಿದ್ದವು. ನಾನು ಆ ಬಿಳಿ ತುದಿಯನ್ನು ನೋಡುತ್ತಾ ನಿಂತವಳು ಎಷ್ಟು ಹೊತ್ತು ನಿಂತೆನೋ. ಬಾಣಲೆಯಲ್ಲಿ ಹುರಿದ, ಮೆಂತ್ಯದ ಘಾಟು ಹತ್ತಿದ, ಟೊಮೇಟೊ ಇಡುವ ಡ್ರಾಯರಿನ ಕತ್ತಲಲ್ಲಿ ಬಿದ್ದಿದ್ದ ಒಂದು ಕಾಳಿಗೆ, ಬೇರು ಕೆಳಗೆ ಹೋಗಬೇಕು ಎಂದು ಗೊತ್ತಿತ್ತು. ಆ ಬೆರಗು ಇನ್ನೂ ಇಳಿದಿಲ್ಲ. ಆಮೇಲೆ ನಾನು ಕಂಡ ಯಾವ ದೊಡ್ಡ ಜಲಪಾತವೂ ಯಾವ ಕಟ್ಟಡವೂ ಆ ನುಚ್ಚಿನಷ್ಟು ಬಿಳುಪಿನ ಮುಂದೆ ನಿಲ್ಲಲಿಲ್ಲ. ಅಮ್ಮ ನೆಲದ ಮೇಲೆ ಕುಳಿತು ಅತ್ತಳು. ಅಜ್ಜಿ ಅವಳ ತಲೆಯ ಮೇಲೆ ಒಮ್ಮೆ ಕೈಯಾಡಿಸಿ, ನೇರ ಒಲೆಯ ಹತ್ತಿರ ಹೋಗಿ, ಎಣ್ಣೆ ಕಾಯಿಸಿ, ಕಪಾಟಿನ ಹೊಸ ಡಬ್ಬಿಯಿಂದ ಒಂದು ದೊಡ್ಡ ಚಮಚ ಸಾಸಿವೆ ಹಾಕಿದಳು. ಮನೆಯಿಡೀ ಚಟಪಟ ಎಂದಿತು.

ಕುಂಡಗಳ ಕತೆ ದೊಡ್ಡದು. ಇಲ್ಲಿ ಚಿಕ್ಕದು ಮಾಡುತ್ತೇನೆ. ಹಾಲ್‌ನ ಹಿಂದಿದ್ದ ಗಾಜಿನ ಸನ್‌ರೂಮು ಆ ಗಿಡಗಳ ಪಾಲಾಯಿತು. ಚಳಿಗಾಲದಲ್ಲಿ ಅಲ್ಲಿ ಐವತ್ತು ಡಿಗ್ರಿ ಫ್ಯಾರನ್‌ಹೀಟಿಗಿಂತ ಮೇಲೆ ಹೀಟರ್ ಏರಿ ಸೆಖೆಯಾಗಬಾರದು, ಬೇಸಿಗೆಯಲ್ಲಿ ಪ್ರೀತಿ ಹೆಚ್ಚಾಗಿ ಯಾರೂ ನೀರು ಹಾಕಬಾರದು. ಅಜ್ಜಿಗೆ ಎರಡನೆಯದು ಬಹಳ ಕಷ್ಟವಾಯಿತು. ಕೆಲವು ಗಿಡ ಸತ್ತವು, ಉಳಿದವು ನನ್ನ ಸೊಂಟದೆತ್ತರ ಬಂದವು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ, ಹೊರಗೆ ಇನ್ನೂ ಹಿಮ ಇರುವಾಗಲೇ, ಅವು ಹೂ ಬಿಟ್ಟವು. ಆ ನೀಲಿಯನ್ನು ಹೇಗೆ ಹೇಳಲಿ? ಸಂಜೆ ದೀಪ ಹಚ್ಚುವುದಕ್ಕೆ ಸ್ವಲ್ಪ ಮುಂಚೆ ಆಕಾಶಕ್ಕೆ ಬರುತ್ತದಲ್ಲ, ಅದು. ಗುಡ್ಡ ಹೋದ ಮೇಲೆ ಜಗತ್ತಿನಲ್ಲಿ ಆ ಬಣ್ಣ ಅದೇ ಮೊದಲ ಸಲ ಬಂದಿತ್ತು, ಬಂದದ್ದು ನಮ್ಮ ಸನ್‌ರೂಮಿಗೆ. ಉದುರಿದ ಒಂದು ಗೊಂಚಲನ್ನು ಅಮ್ಮ ಅಜ್ಜಿಯ ಒದ್ದೆ ಅಂಗೈಯಲ್ಲಿಟ್ಟು ಉಜ್ಜಲು ಹೇಳಿದಳು. ಅಜ್ಜಿ ಉಜ್ಜಿದಳು, ಕೈತುಂಬ ನೊರೆ ಬಂತು. ಅಂಟವಾಳಕಾಯಿಯ ನೊರಿ ಇದ್ದಂಗ ಅದ ಎಂದು ಅದರಲ್ಲೇ ಮುಖ ತೊಳೆದುಕೊಂಡಳು. ಚಳಿಯಲ್ಲಿ ಜೇನುಹುಳು ಎಲ್ಲಿಂದ ಬರಬೇಕು? ಅಜ್ಜಿ ಹೊಸೆದಿಟ್ಟ ಹತ್ತಿಯ ಹೂಬತ್ತಿಗಳನ್ನು ಹಿಡಿದು ನಾವು ಮೂವರೂ ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದರ ಹೂವಿಗೆ ಮುಟ್ಟಿಸುತ್ತಾ ಓಡಾಡಿದೆವು. ದೀಪಕ್ಕೆ ಹಚ್ಚುವ ಬತ್ತಿ ಎಂದು ಅಜ್ಜಿ ಗೊಣಗಲಿಲ್ಲ. ಇದೂ ಪೂಜೀನ, ಎಂದಳು.

ಬೇಸಿಗೆಗೆ ಮೂರು ಮೂಲೆಯ ಪುಟ್ಟ ಕಾಯಿಗಳಾದವು, ಒಣಗಿ ಕಂದಾದವು. ಅಮ್ಮ ಅಪ್ಪನ ಒಳ್ಳೆಯ ಬಿಳಿ ಪಂಚೆಗಳನ್ನೆಲ್ಲ ತಂದು ಸನ್‌ರೂಮಿನ ನೆಲಕ್ಕೆ ಹಾಸಿದಳು. ಯಾಕೆಂದು ಕೇಳಿದರೆ, ಸುಮ್ನೆ ಕಾಯಿರಿ, ಎಂದಳು. ಜುಲೈನ ಒಂದು ಭಾನುವಾರ, ಹೊರಗೆ ತೊಂಬತ್ತು ಡಿಗ್ರಿ ದಾಟಿತ್ತು. ನಾವು ಮೊಸರನ್ನಕ್ಕೆ ನಿಂಬೆಕಾಯಿ ಉಪ್ಪಿನಕಾಯಿ ನೆಂಚಿಕೊಳ್ಳುತ್ತಾ ಊಟಕ್ಕೆ ಕುಳಿತಿದ್ದೆವು. ಸನ್‌ರೂಮಿನ ಕಡೆಯಿಂದ ಟಪ್ ಎಂದಿತು. ಏನೋ ಒಂದು ಗಾಜಿಗೆ ಹೊಡೆಯಿತು. ಮತ್ತೊಂದು ಟಪ್. ಆಮೇಲೆ ಒಂದರ ಹಿಂದೊಂದು, ಕೋಣೆಯ ಆ ಮೂಲೆಯಿಂದ ಈ ಮೂಲೆಗೆ. ಬಿಸಿಲಿಗೆ ಕಾದ ಕಾಯಿಗಳು ತಾವಾಗಿಯೇ ಒಡೆದು ಬೀಜವನ್ನು ದೂರಕ್ಕೆ ಎಸೆಯುತ್ತಿದ್ದವು. ಅಮ್ಮ ಎಂಜಲು ಕೈಯನ್ನು ಹಿಂದಕ್ಕೆ ಹಿಡಿದು ಓಡಿದಳು. ಎಡಗೈಯಲ್ಲಿ ಪಂಚೆಯ ಮೇಲಿಂದ ಒಂದು ಬೀಜ ಎತ್ತಿ ತಂದಳು. ಕಪ್ಪಗೆ, ಗುಂಡಗೆ, ಹೊಳೆಯುತ್ತಿತ್ತು.

ಊಟದ ನಡುವೆ ಏಳುವುದೆಂದರೆ ಅನ್ನಕ್ಕೆ ಅವಮಾನ ಎಂದು ನನಗೆ ನೂರು ಸಲ ಹೇಳಿದ್ದ ಅಜ್ಜಿ ಎದ್ದಳು. ಸಿಂಕ್‌ಗೆ ಹೋಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಅಂಗೈ ಚಾಚಿದಳು. ಅಮ್ಮ ಬೀಜವನ್ನು ಅದರ ನಡುವೆ ಇಟ್ಟಳು. ಅಜ್ಜಿ ಮುಷ್ಟಿ ಮುಚ್ಚಿ ಕಣ್ಣಿಗೊತ್ತಿಕೊಂಡಳು. ಸನ್‌ರೂಮಿನಲ್ಲಿ ಇನ್ನೂ ಟಪಟಪ ನಡೆದೇ ಇತ್ತು.

"ಈಗ ಸಿಡೀತು ನೋಡು, ವತ್ಸಲಾ, ನಿನ್ನ ಸಾಸ್ವಿ," ಎಂದಳು.